ಜೀಪುಗಾಡಿಯ ಜೀರ್ಣೋದ್ಧಾರ

ಬಳ್ಳಾರಿಯ ಕೌಲ್ ಬಜಾರ್ ಎಂಬ ಹೆಸರಿನಲ್ಲಿಯೇ ಒಂದು ಚರಿತ್ರೆಯು ಅಡಗಿದೆ. ಕೌಲು ಎಂಬುದು ಅರಬ್ಬೀ ಮೂಲದ ಶಬ್ದ. ಕೊಟ್ಟ ಮಾತು, ಕರಾರು ಎಂಬುದು ಅದರ ಅರ್ಥ. ಕ್ರಿ. ಶ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರ ಕುಂಪಣಿಗೆ ಬಿಟ್ಟುಕೊಟ್ಟ ತರುವಾಯ ಬಳ್ಳಾರಿಯು ದಂಡಿನ ಊರಾಯಿತು. ದಂಡು ಇದ್ದಲ್ಲಿ ಲಾಳ ಕಟ್ಟುವವರೂ ಗಾಲಿಗೆ ಪಟ್ಟಿ ತೊಡಿಸುವವರೂ ಇರಲೇಬೇಕಷ್ಟೆ. ಆ ದಂಡು ಹೋಯಿತು. ಆದರೆ ಬೇರೊಂದು ದಂಡಿಗಾಗಿ ಹುಟ್ಟಿದ ಗಾಡಿಯೊಂದು ನಮ್ಮ ನಾಡಿಗೆ ಬಂದು, ರೈತನ ಕೈಗೂ ಮೇಸ್ತ್ರಿಯ ಕೈಗೂ ಸಿಕ್ಕಿ, ಹೊಸ ಜನ್ಮವನ್ನು ತಾಳಿತು. ಅದುವೇ ಜೀಪು.

1940ರಲ್ಲಿ ಅಮೆರಿಕದ ಸೇನೆಯು ನಾಲ್ಕು ಗಾಲಿಗಳಿಗೂ ಶಕ್ತಿಯು ಹರಿಯುವ ಹಗುರವಾದ ಗಾಡಿಯೊಂದನ್ನು ಬಯಸಿತು. ಬ್ಯಾಂಟಮ್ ಕಂಪೆನಿಯು ಮೊದಲ ಮಾದರಿಯನ್ನು ಕಟ್ಟಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಲಕ್ಷಗಟ್ಟಲೆ ಗಾಡಿಗಳನ್ನು ತಯಾರಿಸಿದುವು. ಅದರ ಪೆಟ್ರೋಲ್ ಎಂಜಿನ್ನು 4 ಸಿಲಿಂಡರುಗಳದು, 60 ಅಶ್ವಶಕ್ತಿಯದು. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಸಹೋದರರೂ ಗುಲಾಮ್ ಮಹಮ್ಮದರೂ ಕೂಡಿ ಒಂದು ಕಂಪೆನಿಯನ್ನು ಸ್ಥಾಪಿಸಿದರು. ದೇಶವಿಭಜನೆಯಾದ ಮೇಲೆ ಗುಲಾಮ್ ಮಹಮ್ಮದರು ಪಾಕಿಸ್ತಾನದ ಅರ್ಥಸಚಿವರಾದರು. 1948ರಲ್ಲಿ ಕಂಪೆನಿಯು ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರನ್ನು ತಳೆಯಿತು. ಮುಂಬಯಿಯಲ್ಲಿ ಜೋಡಣೆಯಾದ ಜೀಪುಗಳು ಸರಕಾರದ ಕಚೇರಿ, ಅಣೆಕಟ್ಟು, ಗಣಿ, ತೋಟಗಳಿಗೆ ಹೋದುವು. ಅಲ್ಲಿ ಹಳತಾದವು ಹರಾಜಿನಲ್ಲಿ ಜನರ ಕೈಸೇರಿದುವು. ಕೆಲವರು ಹಿಂಬದಿಯ ಆಸನಗಳನ್ನು ಕಿತ್ತು, ತಗಡಿನ ತೊಟ್ಟಿಯನ್ನು ಕೂರಿಸಿ, ಸಾಮಾನು ಹೊರುವ ಪಿಕಪ್ ಗಾಡಿಯನ್ನಾಗಿ ಮಾಡಿಕೊಂಡರು.

ಈ ಗಾಡಿಗೆ ಇದ್ದ ದೊಡ್ಡ ದೋಷವೆಂದರೆ ಪೆಟ್ರೋಲಿನ ದಾಹ. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲವನ್ನು ಬಿಗಿಹಿಡಿದಾಗ ಲೋಕದಲ್ಲಿ ಅದರ ಬೆಲೆಯು ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಡೀಸೆಲ್ಲಾದರೋ ತೆರಿಗೆಯ ದೆಸೆಯಿಂದ ನಮ್ಮಲ್ಲಿ ಬಹುಕಾಲ ಅಗ್ಗವಾಗಿತ್ತು. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಿದ್ಧಪಡಿಸಿದ ಎಂಜಿನ್ನಿಗೆ ವಿದ್ಯುತ್ ಕಿಡಿಯು ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ತಾಪದಿಂದಲೇ ಎಣ್ಣೆಯು ಉರಿಯುವುದು. ಆ ಒತ್ತಡದಿಂದಲೇ ಅದಕ್ಕೆ ಮಿತವ್ಯಯವೂ, ಅದರ ಜೊತೆಗೆ ಭಾರವೂ ಬಂದಿವೆ. ಮದರಾಸಿನ ಸಿಂಪ್ಸನ್ ಕಂಪೆನಿಯು ಇಂಗ್ಲೆಂಡಿನ ಪರ್ಕಿನ್ಸ್ ಎಂಜಿನ್ನುಗಳನ್ನು ತಯಾರಿಸುತ್ತಿತ್ತು. ಅವುಗಳಲ್ಲಿ 3 ಸಿಲಿಂಡರುಗಳ ಪಿ-3 ಎಂಬುದು ಜೀಪಿನ ಬಾನೆಟ್ಟಿನೊಳಗೆ ಹೊಂದುವಂತಿತ್ತು. 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದುದೆಂಬುದನ್ನು ಇಲ್ಲಿ ನೆನೆಯಬಹುದು.

ಹಳೆಯ ದೇವಾಲಯದ ಜೀರ್ಣೋದ್ಧಾರದಲ್ಲಿ ಹೊಸ ಕಲ್ಲು ಹಳೆಯ ಅಧಿಷ್ಠಾನದ ಪ್ರಮಾಣಕ್ಕೆ ಹೊಂದಬೇಕು. ಇಲ್ಲಿಯೂ ಹಾಗೆಯೇ. ಎಂಜಿನ್ನಿಗೂ ಗಿಯರ್ ಪೆಟ್ಟಿಗೆಗೂ ನಡುವೆ ಲೇತಿನಲ್ಲಿ ಕಡೆದ ಒಂದು ಉಕ್ಕಿನ ಫಲಕವನ್ನು ಕೂರಿಸುವರು. ಎರಡರ ಅಕ್ಷಗಳು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗೂ ಕ್ಲಚ್ಚೂ ಬಹುಕಾಲ ಬಾಳಲಾರವು.

ಎರಡನೆಯದು ವೇಗದ ವಿಚಾರ. ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗಬಲ್ಲುದು. ಭಾರದ ಡೀಸೆಲ್ಲಿಗೆ ಅಷ್ಟು ಓಟವಿಲ್ಲ. ಜೀಪಿನ ಅಚ್ಚಿನಲ್ಲಿ 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್ನು ಇರುವಲ್ಲಿ, 2000 ಸುತ್ತಿಗೆ ಗಾಡಿಯು ಗಂಟೆಗೆ ಸುಮಾರು 50 ಕಿಲೋಮೀಟರು ಮಾತ್ರ ಹೋಗುವುದು. 39 ಹಲ್ಲಿನ ಕ್ರೌನನ್ನು ತಕ್ಕ ಪಿನಿಯನ್ನಿನೊಡನೆ ಹಾಕಿದರೆ ವೇಗವು 55ನ್ನು ಮುಟ್ಟುವುದು. ಆದರೆ ಹಿಂದಿನ ಅಚ್ಚನ್ನು ಬದಲಿಸಿದವನು ಮುಂದಿನದನ್ನೂ ಬದಲಿಸಲೇಬೇಕು. ಇಲ್ಲವಾದರೆ ನಾಲ್ಕು ಗಾಲಿಗಳನ್ನೂ ಕೂಡಿಸಿದೊಡನೆ ಮುಂದಿನವೂ ಹಿಂದಿನವೂ ಒಂದರೊಡನೊಂದು ಜಗಳವಾಡಿ ಗಿಯರನ್ನು ಮುರಿಯುವುವು.

ಮೂರನೆಯದು ಭಾರ. ಮುಂದಿನ ಕಮಾನಿಗೆ ಒಂದೆರಡು ಪಟ್ಟಿಗಳು ಹೆಚ್ಚಾಗಬೇಕು; ನಡುಕವನ್ನು ತಡೆಯಲು ರಬ್ಬರಿನ ಆಸರೆಯು ಬೇಕು; 6 ವೋಲ್ಟಿನ ಹಳೆಯ ಬ್ಯಾಟರಿಯ ಸ್ಥಾನದಲ್ಲಿ 12 ವೋಲ್ಟಿನದು ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಹೊಸ ಎಂಜಿನ್ನನ್ನು ಹಾಕಿ 9 ಅಂಗುಲದ ಹಳೆಯ ಡ್ರಮ್ಮುಗಳನ್ನೇ ಉಳಿಸಿಕೊಂಡವನು ಭಾರವನ್ನು ಹೆಚ್ಚಿಸಿದನೇ ಹೊರತು ಅದನ್ನು ನಿಲ್ಲಿಸುವ ಬಲವನ್ನು ಹೆಚ್ಚಿಸಲಿಲ್ಲ.

ಇಂತಹ ಗಾಡಿಯ ಪೋಷಣೆಯು ನೆಲವನ್ನು ಅನುಸರಿಸುವುದು. ತುಂಗಭದ್ರೆಯ ಕಾಲುವೆಯ ನೀರುಂಡ ಸಿರುಗುಪ್ಪದ ಗದ್ದೆಯ ಬದಿಯಲ್ಲಿಯೂ, ಕುರುಗೋಡಿನ ಎರೆ ಹೊಲದಲ್ಲಿಯೂ ಮಳೆಗಾಲದ ಕೆಸರು ಗಾಲಿಯನ್ನು ಬಿಗಿಯಾಗಿ ಹಿಡಿಯುವುದು. ಅಲ್ಲಿ ನಾಲ್ಕು ಗಾಲಿಗಳ ಶಕ್ತಿಯು ಬೇಕು. ಒಣಗಿದ ಡಾಂಬರು ರಸ್ತೆಗೆ ಬಂದೊಡನೆ ಅದನ್ನು ಬಿಡಿಸಬೇಕು. ನೀರಿನಲ್ಲಿ ಇಳಿದು ಬಂದ ಗಾಡಿಯ ಅಚ್ಚಿನ ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಎಣ್ಣೆಯನ್ನು ಬದಲಿಸಬೇಕು. ಬೇಸಗೆಯ ಧೂಳಿಗೆ ಗಾಳಿಯ ಶೋಧಕವನ್ನೂ, ಬಳ್ಳಾರಿಯ ಬಿಸಿಲಿಗೆ ರೇಡಿಯೇಟರನ್ನೂ ಮೊದಲು ನೋಡಬೇಕು.

ಮುಂದೆ ಕಾರ್ಖಾನೆಯೇ ಈ ದಾರಿಯನ್ನು ಹಿಡಿಯಿತು. ಫ್ರಾನ್ಸಿನ ಪ್ಯೂಜೋ ಕಂಪೆನಿಯ 2112 ಸಿ.ಸಿ. ಡೀಸೆಲ್ ಎಂಜಿನ್ನನ್ನು ಮಹೀಂದ್ರ ಕಂಪೆನಿಯು ತನ್ನ ಜೀಪುಗಳಿಗೆ ಅಳವಡಿಸಿತು. ಮೇಸ್ತ್ರಿಗಳು ಗ್ಯಾರೇಜಿನಲ್ಲಿ ಮಾಡುತ್ತಿದ್ದುದು ಕಾರ್ಖಾನೆಯ ಕ್ರಮವಾಯಿತು.

ಇತ್ತ ಕಾನೂನು ಬಿಗಿಯಾಗುತ್ತ ಬಂದಿತು. 1939ರ ಮೋಟಾರು ಕಾಯಿದೆಯ ಕಾಲದಿಂದಲೂ ಮಾರ್ಪಾಡನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕಾಗಿತ್ತು. 1988ರ ಕಾಯಿದೆಯ 52ನೆಯ ಕಲಮನ್ನು ವಿವರಿಸುತ್ತ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಲಾಗದೆಂದು ತೀರ್ಮಾನಿಸಿತು. ಹಿಂದೆ ಎಂಜಿನ್ನನ್ನು ಬದಲಿಸಿ ನೋಂದಣಿ ಪತ್ರದಲ್ಲಿ ಬರೆಯಿಸಿಕೊಂಡವನಿಗೆ ಆ ಪತ್ರವೇ ರಕ್ಷೆ. ಬರೆಯಿಸದೆ ಉದಾಸೀನ ಮಾಡಿದವನ ಗಾಡಿಯು ಎಷ್ಟು ಚೆನ್ನಾಗಿ ಓಡುತ್ತಿದ್ದರೂ, ಅಪಘಾತವಾದ ದಿವಸ ವಿಮೆಯ ಹಣಕ್ಕೆ ತಕರಾರು ಏಳಬಹುದು. ಪೆಟ್ಟು ತಿಂದ ದಾರಿಹೋಕನೂ ಕಷ್ಟಕ್ಕೆ ಸಿಕ್ಕುವನು.

ಮೇಸ್ತ್ರಿಯ ಜಾಣ್ಮೆಯನ್ನು ಕಾನೂನು ತಿರಸ್ಕರಿಸಿತೆಂದು ಕೆಲವರು ದುಃಖಿಸುವರು. ಆ ದುಃಖವು ನಿರಾಧಾರವಾದುದಲ್ಲ. ಗುಜರಿಗೆ ಹೋಗಬೇಕಾಗಿದ್ದ ಎಷ್ಟೋ ಗಾಡಿಗಳು ಆ ಜಾಣ್ಮೆಯಿಂದ ಬದುಕಿ ಸಂಸಾರಗಳನ್ನು ಸಾಕಿದುವು. ಆದರೆ ರಸ್ತೆಯು ಒಬ್ಬನ ಸೊತ್ತಲ್ಲ. ಗಾಡಿಯ ಯಜಮಾನನಿಗೂ ಎದುರಿಗೆ ಬರುವ ಅಪರಿಚಿತನಿಗೂ ನಡುವೆ ಮಾತಿಲ್ಲದ ಒಂದು ಕರಾರು ಉಂಟು. ನೋಂದಣಿ ಪತ್ರವು ಅದರ ಬರವಣಿಗೆಯ ರೂಪ. ಕೌಲಿನ ಹೆಸರನ್ನೇ ಹೊತ್ತ ಪೇಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ.