ಮನಿ ಪ್ಲಾಂಟ್ ಎಲ್ಲಿಂದ ಬಂತು, ಅದರ ಹಳದಿ ಎಲ್ಲಿಗೆ ಹೋಯ್ತು

ಈ ಸಲ ಅಡಿಕೆ, ಮೆಣಸು ಬಿಟ್ಟು ಮನೆಯೊಳಗಿನ ಒಂದು ಗಿಡದ ವಿಷಯ. ಸ್ವಲ್ಪ ಉದ್ದ ಇದೆ. ಕೊನೇಲಿ ದುಡ್ಡಿನ ಮಾತೂ ಇದೆ, ಪೂರ್ತಿ ಓದಿ.

ದೀಪಾವಳಿಗೆ ಬಂದಾಗ ಮಗಳು ಕೊಟ್ಟಿಗೆ ಹಿಂದಿನ ಮಾವಿನ ಮರಕ್ಕೆ ಹಬ್ಬಿದ್ದ ಮನಿ ಪ್ಲಾಂಟಿನ ಎರಡು ತುಂಡು ಕತ್ತರಿಸಿಕೊಂಡು ಬೆಂಗಳೂರಿಗೆ ತಗೊಂಡು ಹೋದಳು. ಆ ಬಳ್ಳಿ ನಾನು ನೆಟ್ಟಿದ್ದಲ್ಲ. ಕುಂಡದಲ್ಲಿದ್ದದ್ದು ಜಾಸ್ತಿ ಆಯ್ತು ಅಂತ ಮರದ ಬುಡಕ್ಕೆ ಎಸೆದಿದ್ದೆ. ಈಗ ಎಲೆ ಒಂದೊಂದು ಮೊರದಷ್ಟು ಅಗಲ, ಮೇಲೆ ಬಂಗಾರ ಚೆಲ್ಲಿದ ಹಾಗೆ ಹಳದಿ. ಮೊನ್ನೆ ಮಗಳು ಫೋಟೋ ಕಳಿಸಿದಳು. ಅವಳ ಕೋಣೇಲಿ ಬಂದ ಎಲೆ ವೀಳ್ಯದೆಲೆಗಿಂತ ಚಿಕ್ಕದು. ಹಳದಿ ಹುಡುಕಿದರೂ ಇಲ್ಲ, ಬರೀ ಹಸಿರು. "ಅಪ್ಪ, ಇದು ನಮ್ಮ ಬಳ್ಳಿನೇ ಹೌದಾ? ನೀರು, ಗೊಬ್ಬರ ಎಲ್ಲಾ ಕೊಟ್ಟೆ, ಬಣ್ಣ ಎಲ್ಲಿಗೆ ಹೋಯ್ತು?" ಅಂತ ಕೇಳಿದಳು.

ತಕ್ಷಣ ಉತ್ತರ ಹೇಳೋಕೆ ಆಗಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಇದ್ದ ಗಿಡ, ಅದರ ಊರು ಯಾವುದು ಅಂತಾನೂ ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಓದಿದ ಮೇಲೆ ಗೊತ್ತಾಗಿದ್ದು, ಅದರ ಚರಿತ್ರೆ ತಿಳಿದರೆ ಆರೈಕೆ ತಾನಾಗೇ ತಿಳಿಯುತ್ತೆ.

ಮೊದಲು ಊರು. ಪೆಸಿಫಿಕ್ ಸಮುದ್ರದ ಮಧ್ಯೆ ತಾಹಿತಿ ದ್ವೀಪದ ಪಕ್ಕ ಮೊರೆಯಾ ಅಂತ ಒಂದು ಸಣ್ಣ ದ್ವೀಪ ಇದೆ. ಮನಿ ಪ್ಲಾಂಟಿನ ಹುಟ್ಟೂರು ಅದು. ಮಳೆಕಾಡಿನ ನೆರಳಲ್ಲಿ ನೆಲದ ಮೇಲೆ ಹರಿದಾಡಿ, ಮರ ಸಿಕ್ಕಿದ ಕೂಡಲೇ ಬೇರು ಕಚ್ಚಿ ಮೇಲೆ ಹತ್ತೋದು ಅದರ ಸ್ವಭಾವ. ಹತ್ತಿದಷ್ಟೂ ಬೆಳಕು, ಬೆಳಕು ಸಿಕ್ಕಷ್ಟೂ ಎಲೆ ದೊಡ್ಡದು. ನಮ್ಮ ಮೆಣಸಿನ ಬಳ್ಳಿಯನ್ನೇ ನೋಡಿ. ನೆಲದಲ್ಲಿ ಓಡೋ ಹಂಬು ಬೇರೆ, ಮರ ಹತ್ತಿದ ಮೇಲೆ ಬರೋ ಕವಲು ಬೇರೆ. ಇದೂ ಅದೇ ಥರ. ಆದರೆ ಕುಲ ಮೆಣಸಿನದಲ್ಲ, ಕೆಸುವಿನದು. ಕೆಸು, ಸುವರ್ಣಗಡ್ಡೆ ಇವುಗಳ ದಾಯಾದಿ. ಕೆಸುವಿನ ಎಲೆ ಹುಳಿ ಹಾಕದೆ ತಿಂದರೆ ಗಂಟಲು ಕೆರೆಯುತ್ತಲ್ಲ, ಅದಕ್ಕೆ ಕಾರಣ ಆಕ್ಸಲೇಟಿನ ಸೂಜಿಯಂಥ ಹರಳು. ಮನಿ ಪ್ಲಾಂಟಿನಲ್ಲೂ ಅದೇ ಇದೆ. ಹಾಗಾಗಿ ಕತ್ತರಿಸಿದ ಬಳ್ಳಿಯನ್ನು ಕರುವಿನ ಮುಂದೆ ಹಾಕಬೇಡಿ. ತೆವಳೋ ಮಗು, ನಾಯಿ, ಬೆಕ್ಕು ಇರೋ ಮನೇಲಿ ಕುಂಡ ಎತ್ತರದಲ್ಲಿಡಿ.

ಆ ದ್ವೀಪದ ಬಳ್ಳಿ ಯುರೋಪಿನ ಮನೆಯೊಳಗೆ ಹೋದದ್ದು ಹೇಗೆ? ಇಲ್ಲಿ ಲಂಡನ್ನಿನ ಒಬ್ಬ ಡಾಕ್ಟರ ಕಥೆ ಬರುತ್ತೆ. ಹೆಸರು ನಥಾನಿಯಲ್ ವಾರ್ಡ್. 1829ರಲ್ಲಿ ಅವನು ಒಂದು ಪತಂಗದ ಕೋಶ ಒಡೆಯೋದನ್ನ ನೋಡೋಕೆ ಅಂತ ಒದ್ದೆ ಮಣ್ಣು ಹಾಕಿದ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಕೆಲವು ದಿನ ಬಿಟ್ಟು ನೋಡಿದರೆ ಆ ಮಣ್ಣಲ್ಲಿ ಒಂದು ಜರಿಗಿಡ, ಒಂದು ಹುಲ್ಲು ಹುಟ್ಟಿವೆ. ಹೊರಗೆ ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಅವನ ಜರಿಗಿಡಗಳು ಸಾಯ್ತಾ ಇದ್ದವು, ಬಾಟಲಿ ಒಳಗಿನದು ಚೆನ್ನಾಗಿದೆ. ಒಳಗಿನ ಆವಿ ಗಾಜಿಗೆ ತಾಗಿ ನೀರಾಗಿ ಮತ್ತೆ ಮಣ್ಣಿಗೇ ಇಳಿಯೋದರಿಂದ ನೀರು ಹಾಕೋ ಕೆಲಸಾನೂ ಇಲ್ಲ. ಅವನು ಮರ, ಗಾಜಿನ ಪೆಟ್ಟಿಗೆ ಮಾಡಿಸಿ 1833ರಲ್ಲಿ ಹಡಗಿನಲ್ಲಿ ಸಿಡ್ನಿಗೆ ಗಿಡ ಕಳಿಸಿದ. ತಿಂಗಳುಗಟ್ಟಲೆ ಪ್ರಯಾಣ ಆದರೂ ಗಿಡ ಬದುಕಿದವು.

ಅಲ್ಲಿಂದ ಮುಂದೆ ಗಿಡದ ಸಾಗಣೆಯೇ ಬದಲಾಯ್ತು. ರಾಬರ್ಟ್ ಫಾರ್ಚೂನ್ ಚೀನಾದಿಂದ ಹಿಮಾಲಯದ ತಪ್ಪಲಿಗೆ ಟೀ ಸಸಿ ತಂದದ್ದು ಇಂಥ ಪೆಟ್ಟಿಗೆಗಳಲ್ಲೇ. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ತೆಗೆದರು, ಗಾಜಿನ ಮನೆ ಕಟ್ಟೋದು ಸುಲಭ ಆಯ್ತು. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಆ ಗಾಳಿ ನಮ್ಮ ಕಡೆಗೂ ಬಂತು. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ.

ಇದೇ ಕಾಲದಲ್ಲಿ ಯುರೋಪಿನ ಶ್ರೀಮಂತರಿಗೆ ಬಣ್ಣದ ಎಲೆಯ ಹುಚ್ಚು ಹಿಡಿದಿತ್ತು. ಕ್ರೋಟನ್, ಕ್ಯಾಲೇಡಿಯಂ, ಡಿಫನ್‌ಬೇಕಿಯ, ಎಲೆ ಮೇಲೆ ಚುಕ್ಕೆ, ಪಟ್ಟೆ ಇದ್ದದ್ದಕ್ಕೆಲ್ಲ ಬೆಲೆ. ಬೆಲ್ಜಿಯಂನಲ್ಲಿ ಜಾನ್ ಲಿಂಡೆನ್ ಅನ್ನೋನ ದೊಡ್ಡ ನರ್ಸರಿ ಇತ್ತು. ಉಷ್ಣವಲಯದ ಗಿಡ ತರಿಸಿ ಮಾರೋದೇ ಅವನ ವ್ಯಾಪಾರ. ನಮ್ಮ ಬಳ್ಳಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದು ಅವನ ಕಡೆಯಿಂದಲೇ, 1880ರಲ್ಲಿ. 'ಪೋಥೋಸ್ ಆರಿಯಸ್' ಅಂತ ಇಟ್ಟರು. ಆರಿಯಸ್ ಅಂದ್ರೆ ಬಂಗಾರದ್ದು. ಸಾಲೊಮನ್ ದ್ವೀಪಗಳದ್ದು ಅಂತ ಅಂದುಕೊಂಡಿದ್ದರು, ಬಹಳ ಕಾಲ ಅದೇ ನಡೀತು.

ಆಮೇಲೆ ಈ ಗಿಡದ ಹೆಸರು ಮನೆ ಬದಲಾಯಿಸಿದ ಹಾಗೆ ಬದಲಾಗ್ತಾ ಹೋಯ್ತು. 1908ರಲ್ಲಿ ಎಂಗ್ಲರ್ ಅನ್ನೋ ಜರ್ಮನ್ ಪಂಡಿತ ಸಿಂಡಾಪ್ಸಸ್ ಗುಂಪಿಗೆ ಹಾಕಿದ. 1960ರ ದಶಕದಲ್ಲಿ ರಾಫಿಡೋಫೋರ ಆಯ್ತು, 1964ರಲ್ಲಿ ಈಗಿನ ಎಪಿಪ್ರೆಮ್ನಮ್ ಆಯ್ತು. ಯಾಕೆ ಇಷ್ಟು ಗೊಂದಲ? ಗಿಡದ ಕುಲ ಗುರುತಿಸೋದು ಹೂವು ನೋಡಿ. ಇದು ಹೂವೇ ಬಿಡಲ್ಲ. ನೀವು ಯಾರಾದರೂ ಮನಿ ಪ್ಲಾಂಟಿನ ಹೂವು ನೋಡಿದ್ದೀರಾ? ಮರ ಹತ್ತಿ ಐವತ್ತು ಅಡಿ ಹೋದರೂ ಬಿಡಲ್ಲ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಕಾರಣ ಹೇಳಿತು. ಈ ಗಿಡ ತನಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನನ್ನ ಸರಿಯಾಗಿ ತಯಾರು ಮಾಡಿಕೊಳ್ಳೋದಿಲ್ಲ. ಹೊರಗಿನಿಂದ ಜಿಬ್ಬರೆಲಿಕ್ ಆಸಿಡ್ ಸಿಂಪಡಿಸಿದಾಗ ಹೂವು ಬಿಟ್ಟಿತು. ದ್ರಾಕ್ಷಿಯವರು ಗೊಂಚಲಿಗೆ ಹೊಡೀತಾರಲ್ಲ ಜಿಎ, ಅದೇ.

ಇದರ ಅರ್ಥ ಏನು ನೋಡಿ. ಹೂವಿಲ್ಲ ಅಂದಮೇಲೆ ಬೀಜ ಇಲ್ಲ. ಊರೂರಿನ ಕಿಟಕಿಗಳಲ್ಲಿ ಇರೋ ಹಳದಿ ಮನಿ ಪ್ಲಾಂಟೆಲ್ಲ ತುಂಡಿನಿಂದ ತುಂಡು, ತುಂಡಿನಿಂದ ತುಂಡು ಆಗಿ ಬಂದದ್ದು. ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ. "ಕದ್ದು ತಂದರೆ ಮಾತ್ರ ದುಡ್ಡು ಬರುತ್ತೆ" ಅಂತ ನಮ್ಮಲ್ಲಿ ಮಾತು ಬೇರೆ ಇದೆ. ಮನುಷ್ಯ ಕತ್ತರಿಸಿ ಹಂಚಿದ್ದಕ್ಕೇ ಅದು ಲೋಕ ಸುತ್ತಿತು.

ಈಗ ಹಳದಿ ವಿಷಯಕ್ಕೆ ಬರ್ತೀನಿ. ಎಲೆಯ ಹಳದಿ, ಬಿಳಿ ಜಾಗದಲ್ಲಿ ಹರಿತ್ತು ಕಡಿಮೆ. ಅಡುಗೆ ಮಾಡೋದು ಹಸಿರು ಭಾಗ, ಹಳದಿ ಭಾಗ ಕೂತು ಉಣ್ಣೋದು. ಅಂದರೆ ನಾವು ಯಾವುದನ್ನ ಚಂದ ಅಂತೀವೋ ಅದು ಗಿಡದ ಕೊರತೆ. ಬೆಳಕು ಧಾರಾಳ ಇದ್ದಾಗ ಆ ಕೊರತೆ ನಡೆಯುತ್ತೆ. ಬೆಳಕು ಕಮ್ಮಿಯಾದಾಗ ಪಟ್ಟೆ ಇಟ್ಟುಕೊಂಡು ಸಂಸಾರ ತೂಗಲ್ಲ, ಹೊಸ ಎಲೆ ಹಸಿರಾಗಿಯೇ ಬರುತ್ತೆ. ಮಗಳ ಕೋಣೇಲಿ ಆದದ್ದು ಇದು. ಅವಳ ಆರೈಕೆ ತಪ್ಪಲ್ಲ, ಕುಂಡ ಇಟ್ಟ ಜಾಗ ತಪ್ಪು. ಟಿವಿ ಪಕ್ಕ, ಕಿಟಕಿಯಿಂದ ಹತ್ತಡಿ ದೂರ ಇಟ್ಟಿದ್ದಳು.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಕುಂಡವನ್ನ ಪೂರ್ವದ ಕಿಟಕಿ ಹತ್ತಿರ, ಎರಡು ಮೂರು ಅಡಿ ಒಳಗೆ ಇಡಿ. ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೇದು. ಮಧ್ಯಾಹ್ನದ ನೇರ ಬಿಸಿಲು ಬೇಡ, ಹಳದಿ ಭಾಗವೇ ಮೊದಲು ಸುಡುತ್ತೆ. ಪೂರ್ತಿ ಹಸಿರಾದ ಕುಡಿಯನ್ನ ಪಟ್ಟೆ ಇರೋ ಕಡೇ ಎಲೆಯ ಗೆಣ್ಣಿನವರೆಗೆ ಕತ್ತರಿಸಿ, ಇಲ್ಲಾಂದ್ರೆ ಹಸಿರು ಕುಡಿ ಜೋರಾಗಿ ಬೆಳೆದು ಪಟ್ಟೆ ಇರೋದನ್ನ ಹಿಂದೆ ಹಾಕುತ್ತೆ. ಹೊಸ ತುಂಡು ತೆಗೆಯುವಾಗ ಎಲೆ ಒಂದನ್ನೇ ನೋಡಬೇಡಿ, ದಂಟನ್ನೂ ನೋಡಿ. ದಂಟಿನ ಮೇಲೆ ಹಳದಿ ಗೆರೆ ಇರೋ ಗೆಣ್ಣು ಆರಿಸಿ.

ನೀರಿನದು ಎರಡನೇ ಮಾತು. ಮನೆಯೊಳಗಿನ ಗಿಡ ಬಾಯಾರಿ ಸಾಯೋದಕ್ಕಿಂತ ಜಾಸ್ತಿ, ಬೇರು ಕೊಳೆತು ಸಾಯುತ್ತೆ. ಬೆಳಕು ಕಮ್ಮಿ ಇದ್ದಲ್ಲಿ ಗಿಡ ಕುಡಿಯೋದೂ ಕಮ್ಮಿ. ಬೆರಳು ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ತೋಟದ ಬರೀ ಮಣ್ಣು ಕುಂಡದಲ್ಲಿ ಗಟ್ಟಿಯಾಗುತ್ತೆ, ತೆಂಗಿನ ನಾರಿನ ಪುಡಿ, ಹಳೇ ಗೊಬ್ಬರ, ಸ್ವಲ್ಪ ಮರಳು ಸೇರಿಸಿ. ತಟ್ಟೇಲಿ ನಿಂತ ನೀರು ಚೆಲ್ಲಿ. ಎಲೆ ದೊಡ್ಡದಾಗಬೇಕು ಅಂದ್ರೆ ತೂಗು ಹಾಕಬೇಡಿ, ನಾರು ಸುತ್ತಿದ ಕೋಲು ಕೊಟ್ಟು ಹತ್ತಿಸಿ. ಮೊರೆಯಾದ ಮರವನ್ನ ಅದು ಇನ್ನೂ ಮರೆತಿಲ್ಲ.

ಗಾಳಿ ಶುದ್ಧ ಮಾಡುತ್ತೆ ಅನ್ನೋ ಮಾತಿಗೂ ಒಂದು ಚರಿತ್ರೆ ಇದೆ. 1989ರಲ್ಲಿ ನಾಸಾದ ವೊಲ್ವರ್ಟನ್ ಅನ್ನೋ ವಿಜ್ಞಾನಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಕೆಲವು ಗಿಡ ಇಟ್ಟು ಪರೀಕ್ಷೆ ಮಾಡಿದ, ಅದರಲ್ಲಿ ಇದೂ ಇತ್ತು. ಪೆಟ್ಟಿಗೆಯ ಗಾಳಿಯಲ್ಲಿದ್ದ ವಿಷಾಂಶ ಇಳಿಯಿತು. ನರ್ಸರಿಯವರು ಅದನ್ನೇ ಹಿಡಿದರು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು. ಕಿಟಕಿ, ಬಾಗಿಲಿಂದ ಗಾಳಿ ಆಡೋದಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರಿಗೆ ಕಡಿಮೆ ಅಂದರೂ ಹತ್ತು ಗಿಡ ಬೇಕು. ಹತ್ತಡಿ ಹತ್ತಡಿ ಕೋಣೆಗೆ ತೊಂಬತ್ತರ ಮೇಲೆ. ಮಲಗೋದು ಎಲ್ಲಿ? ಕಿಟಕಿ ತೆಗೆದಿಟ್ಟರೆ ಸಾಕು.

ಇನ್ನು ದುಡ್ಡಿನ ಮಾತು. ನಮ್ಮ ಕಡೆ ಒಬ್ಬ ಹುಡುಗ ಸಾಲ ಮಾಡಿ ಶೇಡ್ ನೆಟ್ ಹಾಕಿ ವೇರಿಗೇಟೆಡ್ ಗಿಡ ಬೆಳೆಸ್ತೀನಿ, ಒಂದು ಎಲೆಗೆ ಸಾವಿರಾರು ರೂಪಾಯಿ ಇದೆ ಅಂತ ಕೇಳೋಕೆ ಬಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಕೊರೊನಾ ಕಾಲದಲ್ಲಿ ಜನ ಮನೇಲಿ ಕೂತಾಗ ಈ ಹುಚ್ಚು ಮತ್ತೆ ಎದ್ದಿತು. 2021ರ ಜೂನಿನಲ್ಲಿ ನ್ಯೂಜಿಲೆಂಡಿನಲ್ಲಿ ಮನಿ ಪ್ಲಾಂಟಿನ ನೆಂಟನಂಥ ಒಂದು ಗಿಡ, ಒಂಬತ್ತು ಬಿಳಿ ಪಟ್ಟೆಯ ಎಲೆ, 27,100 ನ್ಯೂಜಿಲೆಂಡ್ ಡಾಲರಿಗೆ ಹರಾಜಾಯ್ತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 14 ಲಕ್ಷ.

ಆದರೆ ಈ ಸಿನಿಮಾ ಹಳೇದು. ಹಾಲೆಂಡಿನಲ್ಲಿ ಪಟ್ಟೆ ಬಂದ ಟ್ಯೂಲಿಪ್ ಗಡ್ಡೆಗೆ ಮನೆಯ ಬೆಲೆ ಕೊಟ್ಟರು, 1637ರ ಫೆಬ್ರವರಿಯಲ್ಲಿ ಒಮ್ಮೆಲೇ ಕೊಳ್ಳೋರು ನಿಂತುಹೋದರು. ಆ ಪಟ್ಟೆಗೆ ಕಾರಣ ವೈರಸ್ ರೋಗ ಅಂತ ಗೊತ್ತಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಏಲಕ್ಕಿಗೆ ಕಟ್ಟೆ ರೋಗ ಬಂದು ಎಲೆಗೆ ಪಟ್ಟೆ ಬಿದ್ದರೆ ನಾವು ಬುಡಸಮೇತ ಕಿತ್ತು ಹಾಕ್ತೀವಿ, ಅವರು ಅದೇ ಥರದ್ದಕ್ಕೆ ಮನೆ ಬರೆದುಕೊಟ್ಟರು. ಅಷ್ಟು ದೂರ ಯಾಕೆ, ನಮ್ಮ ವೆನಿಲಾ ನೆನಪಿದೆಯಲ್ಲ? 2003ರಲ್ಲಿ ಹಸಿ ಕೋಡು ಕೆಜಿಗೆ ಮೂರು ಸಾವಿರ ದಾಟಿತ್ತು. ತೋಟದಲ್ಲಿ ರಾತ್ರಿ ಕಾವಲು ಇದ್ದವರಿದ್ದಾರೆ. ಎರಡು ವರ್ಷ ಕಳೆಯೋದರಲ್ಲಿ ಕೇಳೋರಿಲ್ಲ. ಆಗಲೂ ಮೊದಲು ದುಡ್ಡು ಮಾಡಿದ್ದು ಕೋಡು ಮಾರಿದವರಿಗಿಂತ ಬಳ್ಳಿ ತುಂಡು ಮಾರಿದವರು.

ತುಂಡಿನಿಂದ ಬೆಳೆಯೋ ಗಿಡಕ್ಕೆ ಅಪರೂಪ ಅನ್ನೋದು ಬಹಳ ದಿನ ಉಳಿಯಲ್ಲ. ಟಿಷ್ಯೂ ಕಲ್ಚರ್ ಬಂದಮೇಲೆ ಇನ್ನೂ ಬೇಗ ಕರಗುತ್ತೆ. ಮೊದಲು ಚಿನ್ನದ ಬೆಲೆ ಇದ್ದ ಪಟ್ಟೆಯ ಮಾನ್‌ಸ್ಟೆರಾ ಲ್ಯಾಬಿನಿಂದ ರಾಶಿ ರಾಶಿ ಬಂದಮೇಲೆ ಬೆಲೆ ಇಳಿದದ್ದು ಕಣ್ಣೆದುರಿಗೇ ಇದೆ. ಮನಿ ಪ್ಲಾಂಟ್ ಕೂಡ ಒಂದು ಕಾಲದಲ್ಲಿ ಬೆಲ್ಜಿಯಂನ ಗಾಜಿನ ಮನೆಯ ಅಪರೂಪ. ಈಗ ನಾನು ಅದನ್ನ ತಿಪ್ಪೆ ಕಡೆ ಎಸೀತೀನಿ. ಹುಡುಗನಿಗೆ ಅಷ್ಟೇ ಹೇಳಿದೆ: ಸಾಲ ಬೇಡ, ಎರಡು ಗಿಡ ತಂದು ಒಂದು ವರ್ಷ ಸಾಕು. ಪಟ್ಟೆ ಉಳಿಸೋದು ಬಂತು, ಕೊಳ್ಳೋರು ಸಿಕ್ಕರು ಅಂದರೆ ಆಮೇಲೆ ಹತ್ತು ಮಾಡು.

ಎಸೀತೀನಿ ಅಂದೆನಲ್ಲ, ಅದು ನನ್ನ ತಪ್ಪು. ಶ್ರೀಲಂಕಾದ ಕ್ಯಾಂಡಿಯ ಉಡವತ್ತಕೆಲೆ ಕಾಡಿನಲ್ಲಿ ಇದೇ ಬಳ್ಳಿ ನೆಲ, ಮರ ಎಲ್ಲ ಹಬ್ಬಿ ಅಲ್ಲಿನ ಸಸಿ ಏಳದ ಹಾಗೆ ಮಾಡಿದೆ. ಹೂವಿಲ್ಲ, ಬೀಜ ಇಲ್ಲ, ಆದರೂ ಒಂದು ಗೆಣ್ಣು ಸಾಕು. ನಮ್ಮ ಮಾವಿನ ಮರದಿಂದ ಕಾನಿನ ಅಂಚಿಗೆ ಮೂವತ್ತು ಅಡಿ. ಕಳೆದ ವಾರ ಎರಡು ದಿನ ಕೂತು ಬಳ್ಳಿ ಎಲ್ಲ ಎಳೆದು, ಬುಡ ಕಿತ್ತು, ಸಿಮೆಂಟ್ ಅಂಗಳದಲ್ಲಿ ಒಣಗೋಕೆ ಹಾಕಿದೀನಿ. ಪೂರ್ತಿ ಒಣಗಿದ ಮೇಲೇ ಸುಡೋದು. ಹಳದಿ ಗೆರೆ ಇದ್ದ ನಾಲ್ಕು ಗೆಣ್ಣು ಮಾತ್ರ ತೆಗೆದಿಟ್ಟು ಕುಂಡಕ್ಕೆ ಹಾಕಿ ಜಗಲಿಯ ಪೂರ್ವದ ಕಿಟಕಿ ಹತ್ತಿರ ಇಟ್ಟಿದೀನಿ.

ಮಗಳೂ ಅವಳ ಕುಂಡದ ಜಾಗ ಬದಲಾಯಿಸಿದಳು. ನಿನ್ನೆ ಇನ್ನೊಂದು ಫೋಟೋ ಬಂತು. ಹೊಸ ಎಲೆ ಇನ್ನೂ ಸುರುಳಿಯಲ್ಲೇ ಇದೆ, ಅಂಚಲ್ಲಿ ಒಂದು ಗೆರೆ ಹಳದಿ ಕಾಣ್ತಿದೆ.

ನಿಮ್ಮ ತೋಟದ ಅಂಚಲ್ಲಿ, ಹಳ್ಳದ ಬದೀಲಿ ಈ ಬಳ್ಳಿ ಇದ್ದರೆ ಒಮ್ಮೆ ನೋಡಿಕೊಂಡು ಬನ್ನಿ. ಮಳೆ ಹಿಡಿಯೋ ಮೊದಲು ಕಿತ್ತರೆ ಸುಲಭ. ಕುಂಡಕ್ಕೆ ತುಂಡು ಬೇಕಾದವರು ಮನೆಗೆ ಬನ್ನಿ, ಕದಿಯೋ ಕಷ್ಟ ಬೇಡ, ಕೇಳಿದರೆ ಕೊಡ್ತೀನಿ.