ವಿಶಾಳಗಡದ ಕಂದೀಲು ಬಳ್ಳಿ: ಹೊಸ ಪ್ರಭೇದದ ಪುರಾವೆ ಎಲ್ಲಿರುತ್ತದೆ?

2024ರ ಆರಂಭದಲ್ಲಿ ‘ಫೈಟೊಟ್ಯಾಕ್ಸಾ’ ಎಂಬ ಸಸ್ಯವರ್ಗೀಕರಣ ಪತ್ರಿಕೆಯಲ್ಲಿ ಕೊಲ್ಹಾಪುರ ಜಿಲ್ಲೆಯ ವಿಶಾಳಗಡದ ಒಂದು ಹೂಬಳ್ಳಿಯ ವಿವರಣೆ ಪ್ರಕಟವಾಯಿತು. ಅದರ ಹೆಸರು ಸಿರೋಪೇಜಿಯ ಶಿವರಾಯಿಯಾನ. ವಿವರಿಸಿದ ತಂಡದಲ್ಲಿ ಕಾಲೇಜು ಮಟ್ಟದ ಸಂಶೋಧಕರ ಜೊತೆಗೆ, ಈ ಕುಲದ ಸಸ್ಯಗಳನ್ನು ದಶಕಗಳಿಂದ ಬೆನ್ನುಹತ್ತಿರುವ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಅವರೂ ಇದ್ದರು. 1660ರಲ್ಲಿ ಬಿಜಾಪುರದ ಆದಿಲಶಾಹಿ ಸೇನೆ ಪನ್ಹಾಳಕ್ಕೆ ಮುತ್ತಿಗೆ ಹಾಕಿದ್ದಾಗ ಶಿವಾಜಿ ಮಹಾರಾಜರು ತಪ್ಪಿಸಿಕೊಂಡು ಬಂದು ಸೇರಿದ ಕೋಟೆ ವಿಶಾಳಗಡ. ಆದ್ದರಿಂದ ಬಳ್ಳಿಗೆ ಅವರ ಹೆಸರು ಬಂತು, ಸುದ್ದಿಯೂ ಹೆಚ್ಚಾಗಿ ಆ ಹೆಸರಿನ ಸುತ್ತಲೇ ತಿರುಗಿತು. ಈ ಟಿಪ್ಪಣಿ ಎತ್ತಿಕೊಂಡಿರುವುದು ಬೇರೆ ಪ್ರಶ್ನೆಯನ್ನು. ಈ ಕುಲದ ಬಳ್ಳಿಯೊಂದನ್ನು ‘ಹಿಂದೆ ಯಾರೂ ವಿವರಿಸದ ಪ್ರಭೇದ’ ಎಂದು ಹೇಳಲು ಯಾವ ಪುರಾವೆ ಬೇಕು, ಆ ಪುರಾವೆ ಗಿಡದ ಯಾವ ಭಾಗದಲ್ಲಿರುತ್ತದೆ ಎಂಬುದು ಆ ಪ್ರಶ್ನೆ.

ಮರಾಠಿ ಪತ್ರಿಕೆಗಳು ಸಿರೋಪೇಜಿಯವನ್ನು ಕಂದೀಲಪುಷ್ಪ ಎನ್ನುತ್ತವೆ. ಆ ರೂಢಿ ನಮಗೂ ಒಗ್ಗುವುದರಿಂದ ಇಲ್ಲಿ ಕಂದೀಲು ಬಳ್ಳಿ ಎಂದು ಕರೆಯುತ್ತೇನೆ. ಕುಲದ ಎಲ್ಲ ಗಿಡಗಳೂ ಬಳ್ಳಿಗಳಲ್ಲ. ಸಹ್ಯಾದ್ರಿಯ ಹಲವು ಪ್ರಭೇದಗಳು ಹುಲ್ಲಿನ ನಡುವೆ ನೆಟ್ಟಗೆ ನಿಲ್ಲುವ ಸಣ್ಣ ಗಿಡಗಳು. ಮೊದಲ ಮಳೆಗಳು ಬಿದ್ದ ಮೇಲೆ ನೆಲದೊಳಗಿನ ಗಡ್ಡೆಯಿಂದ ಚಿಗುರುತ್ತವೆ, ಮಳೆಗಾಲ ಮುಗಿಯುವುದರೊಳಗೆ ಹೂ ಬಿಟ್ಟು, ಜೋಡಿ ಜೋಡಿಯಾಗಿ ಕಾಯಿ ಕಟ್ಟಿ, ರೇಷ್ಮೆಯಂಥ ಕೂದಲುಳ್ಳ ಬೀಜಗಳನ್ನು ಗಾಳಿಗೆ ಬಿಟ್ಟು ಒಣಗುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಅಲ್ಲೊಂದು ಗಿಡವಿದೆ ಎನ್ನುವುದಕ್ಕೆ ಗುರುತೇ ಇರುವುದಿಲ್ಲ. ಗುಡ್ಡ ಹತ್ತಲು ಯಾರಿಗೂ ಮನಸ್ಸಾಗದ ಜಡಿಮಳೆಯ ದಿನಗಳಲ್ಲೇ ಇವು ಅರಳುವುದರಿಂದ, ಶತಮಾನಗಳ ಸಸ್ಯಸಂಗ್ರಹದ ನಂತರವೂ ಹೊಸವು ಸಿಗುತ್ತಿವೆ.

ಸಂಬಂಧದಲ್ಲಿ ಇದು ಎಕ್ಕದ ಕಡೆಯದು. ಎಕ್ಕ, ಸೊಗದೆ ಬೇರು, ಮಧುನಾಶಿನಿ ಇವೆಲ್ಲ ಒಂದೇ ಬಳಗ. 1810ರಲ್ಲಿ ರಾಬರ್ಟ್ ಬ್ರೌನ್ ಈ ಬಳಗವನ್ನು ಕಣಗಿಲೆಯ ಕುಟುಂಬದಿಂದ ಬೇರ್ಪಡಿಸಿದ್ದ. ಈಚಿನ ವರ್ಗೀಕರಣ ಮತ್ತೆ ಒಳಗೆ ಸೇರಿಸಿಕೊಂಡಿದೆ. ಎಕ್ಕದ ಹೂವನ್ನು ಕಟ್ಟಿದವರಿಗೆಲ್ಲ ಅದರ ನಡುವೆ ನಿಂತಿರುವ ಗಟ್ಟಿಯಾದ ಐದು ಮೂಲೆಯ ಕಿರೀಟ ಗೊತ್ತು. ಕೇಸರ ಮತ್ತು ಶಲಾಕೆ ಕೂಡಿಕೊಂಡು ಆದ ಕಂಬದ ಸುತ್ತ ಬೆಳೆದ ಭಾಗ ಅದು. ಕಂದೀಲು ಬಳ್ಳಿಯಲ್ಲೂ ಆ ಕಿರೀಟವಿದೆ. ಆದರೆ ಎಕ್ಕದಲ್ಲಿ ಎದ್ದು ಕಾಣುವ ಅದು ಇಲ್ಲಿ ಅಡಗಿ ಕೂತಿದೆ. ದಳಗಳು ಕೂಡಿಕೊಂಡು ಉದ್ದನೆಯ ನಳಿಕೆಯಾಗಿವೆ. ನಳಿಕೆಯ ಬುಡ ಉಬ್ಬಿ ಸಣ್ಣ ಕೋಣೆಯಾಗಿದೆ. ಮೇಲ್ತುದಿಯಲ್ಲಿ ಐದು ಸೀಳುಗಳು ಹೊರಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಒಂದಕ್ಕೊಂದು ಅಂಟಿಕೊಂಡು ಪಂಜರ ಕಟ್ಟುತ್ತವೆ. ಕಿರೀಟ ಇರುವುದು ಬುಡದ ಕೋಣೆಯಲ್ಲಿ, ಹೊರಗಿನಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ.

ಈ ರಚನೆ ನೊಣಗಳನ್ನು ಹಿಡಿಯುವ ಬೋನು. ವಾಸನೆಗೆ ಬಂದ ಸಣ್ಣ ನೊಣ ಪಂಜರದ ಕಿಂಡಿಯಲ್ಲಿ ಇಳಿದು, ಜಾರುವ ನಳಿಕೆಯಲ್ಲಿ ಕೋಣೆಗೆ ಬೀಳುತ್ತದೆ. ನಳಿಕೆಯೊಳಗಿನ ಕೂದಲುಗಳು ಕೆಳಮುಖವಾಗಿರುವುದರಿಂದ ಹಿಂದಿರುಗುವ ದಾರಿಯಿಲ್ಲ. ಅದು ಕಿರೀಟದ ಸುತ್ತ ತಡಕಾಡುವಾಗ ಪರಾಗಪಿಂಡಗಳ ಜೋಡಿಯನ್ನು ಹಿಡಿದಿರುವ ಸಣ್ಣ ಕೊಂಡಿ ಅದರ ಬಾಯಿಯ ಭಾಗಕ್ಕೆ ಸಿಕ್ಕಿಕೊಳ್ಳುತ್ತದೆ. ಹೂವು ಬಾಡತೊಡಗಿದಾಗ ಕೂದಲುಗಳು ಸೊರಗಿ ನೊಣ ಬಿಡುಗಡೆಯಾಗುತ್ತದೆ, ಮತ್ತೊಂದು ಹೂವಿಗೆ ಬಿದ್ದರೆ ಪರಾಗ ತಲುಪುತ್ತದೆ. ಆಮಿಷ ಎಂಥದು ಎಂಬುದಕ್ಕೆ ಚೆನ್ನಾಗಿ ಅಧ್ಯಯನವಾದ ನಿದರ್ಶನ ದಕ್ಷಿಣ ಆಫ್ರಿಕದ ಸಿರೋಪೇಜಿಯ ಸ್ಯಾಂಡರ್ಸೋನಿ. ಜೇಡಗಳು ಜೇನುಹುಳುವನ್ನು ಹಿಡಿದು ತಿನ್ನುವಾಗ ಆ ಎಂಜಲಿಗೆ ಹೊಂಚುವ ಡೆಸ್ಮೊಮೆಟೊಪಾ ಎಂಬ ನೊಣಗಳಿವೆ. ದಾಳಿಗೆ ಸಿಕ್ಕಿದ ಜೇನುಹುಳು ಹೊರಸೂಸುವ ವಾಸನೆಯನ್ನೇ ಈ ಹೂವು ಅನುಕರಿಸಿ ಆ ನೊಣಗಳನ್ನು ಕರೆಯುತ್ತದೆ ಎಂದು 2016ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಆನ್ನೆಮಾರಿ ಹೈಡುಕ್ ಮತ್ತು ಸಹಸಂಶೋಧಕರು ತೋರಿಸಿಕೊಟ್ಟರು. ನನ್ನ ವಾದಕ್ಕೆ ಇದು ಮುಖ್ಯ. ಯಾವ ನೊಣ ಬರುತ್ತದೆ, ಅದರ ದೇಹದ ಯಾವ ಭಾಗಕ್ಕೆ ಪರಾಗ ಅಂಟುತ್ತದೆ ಎಂಬುದು ನಳಿಕೆಯ ಅಗಲ, ಕೂದಲಿನ ನೆಲೆ, ಕಿರೀಟದ ಆಕಾರ ಇವುಗಳಿಂದ ತೀರ್ಮಾನವಾಗುವುದಾದರೆ, ಎರಡು ಬಳ್ಳಿಗಳ ವಂಶ ಬೇರೆಯಾಗುವುದೂ ಅಲ್ಲಿಯೇ. ಎಲೆಯ ಅಂಚಿನಲ್ಲಿ, ಕಾಂಡದ ಬಣ್ಣದಲ್ಲಿ ಕಾಣುವ ವ್ಯತ್ಯಾಸಕ್ಕೆ ಆ ತೂಕವಿಲ್ಲ.

ತೊಡಕು ಹುಟ್ಟುವುದು ಸಸ್ಯಶಾಸ್ತ್ರದ ಹಳೆಯ ಪದ್ಧತಿಯಿಂದ. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆಗೆ ಅಂಟಿಸುತ್ತೇವೆ. ಎಲೆಗೆ, ಕಾಯಿಗೆ ಅದು ಸಾಕು. ಕಂದೀಲು ಬಳ್ಳಿಯ ಹೂವಿಗೆ ಸಾಲದು. ತೆಳುವಾದ ಪಂಜರ ಮಡಚಿಕೊಂಡು ಅಪ್ಪಚ್ಚಿಯಾಗುತ್ತದೆ, ಹಸಿರು, ಕೆನ್ನೇರಳೆ, ಹಳದಿ ಎಲ್ಲ ಒಂದೇ ಕಂದಾಗುತ್ತವೆ, ಒಳಗಿನ ಕಿರೀಟ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒಣಗಿದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಬಹುದು. ಆದರೆ ಎಷ್ಟೋ ಹಾಳೆಗಳಲ್ಲಿರುವುದು ಒಂದೆರಡೇ ಹೂವು. ಹೆಸರಿಗೆ ಆಧಾರವಾದ ಮೂಲ ಮಾದರಿಯ ಹೂವನ್ನು ಕೀಳಲು ಯಾವ ಸಂಗ್ರಹಾಲಯವೂ ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ಕುಲದ ಮೊದಲ ದಾಖಲೆಯಲ್ಲೇ ಈ ಕೊರತೆ ಇದೆ. ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಕೊಚ್ಚಿಯಲ್ಲಿದ್ದುಕೊಂಡು ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ಬ್ರಾಹ್ಮಣ ವೈದ್ಯರ ನೆರವಿನಿಂದ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ನ ಒಂಬತ್ತನೆಯ ಸಂಪುಟದಲ್ಲಿ (1689) ‘ನ್ಯೋಟ ನ್ಯೋಡಿಯನ್ ವಳ್ಳಿ’ ಎಂಬ ಬಳ್ಳಿಯ ಚಿತ್ರವಿದೆ. ಲಿನೇಯಸ್ 1753ರಲ್ಲಿ ಸಿರೋಪೇಜಿಯ ಕ್ಯಾಂಡಲಾಬ್ರಮ್ ಎಂದು ಹೆಸರಿಟ್ಟದ್ದು ಆ ಚಿತ್ರವನ್ನು ಆಧರಿಸಿ. ಹಾಗಾಗಿ ಇಡೀ ಕುಲದ ಹೆಸರು ನಿಂತಿರುವುದು ಅಚ್ಚಾದ ಒಂದು ಚಿತ್ರದ ಮೇಲೆ. ಬಳ್ಳಿ ಯಾವುದೆಂದು ಗುರುತಿಸಲು ಆ ಚಿತ್ರ ಸಾಕಷ್ಟು ಚೆನ್ನಾಗಿದೆ, ಅದನ್ನು ಬಿಡಿಸಿದ ಕೈಗಳ ಬಗ್ಗೆ ನನಗೆ ತುಂಬು ಗೌರವವಿದೆ. ಕಿರೀಟದ ಅಳತೆಯನ್ನು ಮಾತ್ರ ಅದರಲ್ಲಿ ಹುಡುಕುವಂತಿಲ್ಲ.

ಆ ಚಿತ್ರ ಅಚ್ಚಾಗಿ ನೂರು ವರ್ಷ ಕಳೆದ ಮೇಲೆ ವಿಲಿಯಂ ರಾಕ್ಸ್‌ಬರ್ಗ್ ‘ಕೋರಮಂಡಲ ಕರಾವಳಿಯ ಸಸ್ಯಗಳು’ ಗ್ರಂಥದ ಮೊದಲ ಸಂಪುಟದಲ್ಲಿ ಬಲ್ಬೋಸ, ಅಕ್ಯುಮಿನೇಟ, ಟ್ಯೂಬರೋಸ, ಜುನ್ಸಿಯ ಎಂಬ ನಾಲ್ಕನ್ನು ಒಟ್ಟಿಗೆ ಪ್ರಕಟಿಸಿದ. ಅವನ ಭಾರತೀಯ ಚಿತ್ರಕಾರರು ಬರೆದದ್ದು ಹಸಿ ಗಿಡವನ್ನು ಎದುರಿಗಿಟ್ಟುಕೊಂಡು. ಮುಂದೆ ಬಂದವರಿಗೆಲ್ಲ ಈ ಅನುಕೂಲ ಇರಲಿಲ್ಲ. ಜೋಸೆಫ್ ಹೂಕರ್ 1880ರ ದಶಕದಲ್ಲಿ ‘ಬ್ರಿಟಿಷ್ ಇಂಡಿಯಾದ ಸಸ್ಯಕೋಶ’ಕ್ಕಾಗಿ ಈ ಕುಲವನ್ನು ವಿಂಗಡಿಸಿದ್ದು ಕ್ಯೂ ತೋಟದಲ್ಲಿ, ಒಣಗಿದ ಹಾಳೆಗಳನ್ನು ನೋಡಿ. ಸಿರೋಪೇಜಿಯ ಲಾಯಿ ಆ ಕೆಲಸದ ಫಲ. ಕೊಂಕಣದ ಗಿಡಗಳನ್ನು ಕೂಡಿಸಿದ ಲಾ ಎಂಬ ಅಧಿಕಾರಿಯ ಹೆಸರನ್ನು ಅದಕ್ಕೆ ಇಡಲಾಯಿತು.

ನಮ್ಮ ಉತ್ತರ ಕನ್ನಡವೂ ಈ ಚರಿತ್ರೆಯಲ್ಲಿದೆ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಅವರನ್ನು ಚಿಟ್ಟೆಗಳ ವಿದ್ವಾಂಸರೆಂದು ಹೆಚ್ಚಿನವರು ನೆನೆಯುತ್ತಾರೆ. ಸಿವಿಲ್ ಸರ್ವಿಸಿನ ಎಲ್. ಜೆ. ಸೆಡ್ಜ್‌ವಿಕ್ ಜೊತೆಗೂಡಿ ಅವರು ಜಿಲ್ಲೆಯ ಕಾಡಿನ ಸಸ್ಯಗಳನ್ನು ಸಂಗ್ರಹಿಸಿದ್ದು ಅಷ್ಟೇ ದೊಡ್ಡ ಕೆಲಸ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೆಡ್ಜ್‌ವಿಕ್ ವಿವರಿಸಿದ ಸಿರೋಪೇಜಿಯ ಫ್ಯಾಂಟಾಸ್ಟಿಕ ಈ ಜಿಲ್ಲೆಯ ಬಳ್ಳಿ. ಅದು ಇಂದಿಗೂ ಅಪರೂಪದ್ದು.

1957ರಲ್ಲಿ ಹರ್ಬರ್ಟ್ ಹ್ಯೂಬರ್ ಇಡೀ ಕುಲವನ್ನು ಪರಿಷ್ಕರಿಸಿದರು, 1984ರಲ್ಲಿ ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆಯ ಎಂ. ವೈ. ಅನ್ಸಾರಿ ಭಾರತದ ಪ್ರಭೇದಗಳನ್ನು ಕೂಡಿಸಿ ಕೊಟ್ಟರು. ಇಂದಿಗೂ ಹೊಸದೊಂದನ್ನು ಹೇಳಹೊರಟವರು ಮೊದಲು ದಾಟಬೇಕಾದ ಹೊಸ್ತಿಲು ಅನ್ಸಾರಿಯವರ ಪುಸ್ತಕ. ಪ್ರಭೇದಗಳನ್ನು ಬೇರ್ಪಡಿಸುವಾಗ ಅವರು ಕಿರೀಟದ ಹೊರಹಾಲೆ, ಒಳಹಾಲೆಗಳನ್ನು ಎಷ್ಟು ಗಮನಿಸುತ್ತಾರೆ ಎಂಬುದನ್ನು ನೋಡಿದರೆ ನನ್ನ ಮಾತು ಹೊಸದೇನಲ್ಲ ಎಂದು ಗೊತ್ತಾಗುತ್ತದೆ.

ಈಗ ವಿಶಾಳಗಡದ ಬಳ್ಳಿಗೆ ಬರೋಣ. ಅದರ ಹತ್ತಿರದ ನೆಂಟ ಸಿರೋಪೇಜಿಯ ಲಾಯಿ, ಹರಿಶ್ಚಂದ್ರಗಡದಂಥ ಎತ್ತರದ ಕೋಟೆಗಳ ಗಿಡ. ಲಾಯಿ ನೆಟ್ಟಗೆ ನಿಲ್ಲುತ್ತದೆ, ಶಿವರಾಯಿಯಾನ ಹಬ್ಬುತ್ತದೆ. ಹೂವಿನ ತೊಟ್ಟಿನಲ್ಲಿ ರೋಮವಿರುವುದು ಇನ್ನೊಂದು ಗುರುತು. ಸುದ್ದಿಯಲ್ಲಿ ಮುಂದೆ ನಿಂತದ್ದು ‘ಇದು ಬಳ್ಳಿ’ ಎಂಬ ಮಾತು, ಕಣ್ಣಿಗೆ ಮೊದಲು ಬೀಳುವುದೂ ಅದೇ. ಆದರೆ ಆ ಗುಣವೊಂದನ್ನೇ ನೆಚ್ಚಿ ಹೊಸ ಪ್ರಭೇದ ಕಟ್ಟುವುದು ಅಪಾಯ. ಈ ಗುಂಪಿನ ಕೆಲವು ಗಿಡಗಳು ಬುಡದಲ್ಲಿ ನೆಟ್ಟಗಿದ್ದು ತುದಿಯಲ್ಲಿ ಪಕ್ಕದ ಕಡ್ಡಿಗೆ ಸುತ್ತಿಕೊಳ್ಳುವುದುಂಟು. ನೆರಳು, ಸುತ್ತಲಿನ ಹುಲ್ಲಿನ ಎತ್ತರ, ಮಣ್ಣಿನ ತೇವ ಬದಲಾದರೆ ಕಾಂಡದ ನಡತೆಯೂ ಬದಲಾಗಬಹುದು. ಈ ಸಂದೇಹವನ್ನು ನಿವಾರಿಸಲು ಸರಳವಾದ ದಾರಿಯೊಂದಿದೆ. ಎರಡೂ ಗಿಡಗಳನ್ನು ಒಂದೇ ತೋಟದಲ್ಲಿ, ಒಂದೇ ಬಿಸಿಲಿನಲ್ಲಿ ಬೆಳೆಸಿ ನೋಡುವುದು. ನೆಟ್ಟಗಿನದು ನೆಟ್ಟಗೇ ನಿಂತು, ಹಬ್ಬುವುದು ಹಬ್ಬಿದರೆ ಆ ಗುಣ ವಂಶದ್ದು. ಕೊಲ್ಹಾಪುರದ ವಿಶ್ವವಿದ್ಯಾಲಯದ ತೋಟದಲ್ಲಿ ಸಹ್ಯಾದ್ರಿಯ ಅಪರೂಪದ ಸಿರೋಪೇಜಿಯಗಳನ್ನು ಬೆಳೆಸಿ ಕಾಪಾಡುವ ಕೆಲಸ ಬಹುಕಾಲದಿಂದ ನಡೆದಿದೆ. ಅಲ್ಲಿಂದ ಬರುವ ವಿವರಣೆಗಳಿಗೆ ನಾನು ಹೆಚ್ಚು ಬೆಲೆ ಕೊಡುವುದು ಈ ಕಾರಣಕ್ಕೆ: ಹತ್ತಾರು ಪ್ರಭೇದಗಳನ್ನು ಜೀವಂತವಾಗಿ, ಮಳೆಗಾಲದಿಂದ ಮಳೆಗಾಲಕ್ಕೆ ನೋಡಿದ ಕಣ್ಣಿಗೆ ಯಾವ ವ್ಯತ್ಯಾಸ ನಿಲ್ಲುವಂಥದು, ಯಾವುದು ಆ ವರ್ಷದ ಮಳೆಯದು ಎಂದು ತಿಳಿದಿರುತ್ತದೆ.

ವರ್ಣತಂತುಗಳಿಂದ ಇಲ್ಲಿ ದೊಡ್ಡ ನೆರವಿಲ್ಲ. ಭಾರತದ ಬಹುತೇಕ ಪ್ರಭೇದಗಳಲ್ಲಿ ಅವುಗಳ ಸಂಖ್ಯೆ 22. ಡಿಎನ್‌ಎ ಅಧ್ಯಯನ ಸಂಬಂಧಗಳನ್ನು ಹೇಳುತ್ತದೆ, ಆದರೆ ಕುಲದ ಎಲ್ಲೆಯನ್ನೇ ಅಲುಗಿಸಿಬಿಟ್ಟಿದೆ. 2017ರಲ್ಲಿ ಪೀಟರ್ ಬ್ರೈನ್ಸ್ ಮತ್ತು ಜೊತೆಗಾರರು ಬ್ರಾಕಿಸ್ಟೆಲ್ಮ ಕುಲವನ್ನೂ, ನಮ್ಮ ಬಯಲುಸೀಮೆಯ ಕ್ಯಾರಲ್ಲುಮದಂಥ ಕಳ್ಳಿಯ ಹಾಗೆ ಕಾಣುವ ಗಿಡಗಳನ್ನೂ ಸಿರೋಪೇಜಿಯದೊಳಗೆ ಸೇರಿಸಿದರು. ಅದನ್ನು ಎಲ್ಲರೂ ಒಪ್ಪಿಲ್ಲ. ಪ್ರಭೇದದ ಪ್ರಶ್ನೆಗೆ ಅದರಿಂದ ಬಾಧಕವಿಲ್ಲವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ನಿಯಮಗಳ ಮಾತನ್ನು ಬಿಡುವಂತಿಲ್ಲ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯಪ್ರಭೇದಕ್ಕೆ ಲ್ಯಾಟಿನ್ ವಿವರಣೆ ಕಡ್ಡಾಯವಾಗಿತ್ತು. 2012ರ ಜನವರಿಯಿಂದ ಇಂಗ್ಲಿಷೂ ನಡೆಯುತ್ತದೆ. ಮೂಲ ಮಾದರಿಯನ್ನು ಹೆಸರಿಸಲೇಬೇಕೆಂಬ ನಿಯಮ 1958ರದು. 2007ರಿಂದ ಹೂಬಿಡುವ ಸಸ್ಯಗಳಿಗೆ ಆ ಮಾದರಿ ಚಿತ್ರವಾಗಿದ್ದರೆ ಸಾಲದು, ಗಿಡವೇ ಆಗಿರಬೇಕು. ಲಿನೇಯಸನಿಗೆ ಸಂದ ಅವಕಾಶ ಇಂದು ಯಾರಿಗೂ ಇಲ್ಲ, ಅದು ಸರಿ. ಆದರೆ ಹೂವಿನ ಕಿರೀಟವನ್ನು ಬಿಡಿಸಿ ಬರೆದ ಚಿತ್ರವನ್ನೋ, ಮದ್ಯಸಾರದಲ್ಲಿ ಕೆಡದಂತೆ ಇಟ್ಟ ಹೂವನ್ನೋ ನಿಯಮ ಬೇಡುವುದಿಲ್ಲ. ಹಾಳೆಯೊಂದಿದ್ದರೆ ಹೆಸರು ಸಿಂಧು. ಕಂದೀಲು ಬಳ್ಳಿಯಂಥ ಸಸ್ಯಗಳಲ್ಲಿ ಇದು ಕೊರತೆಯೆಂದೇ ನನ್ನ ದೃಢವಾದ ಅಭಿಪ್ರಾಯ. ಸಂಪಾದಕರು, ಪರಿಶೀಲಕರು ಇವೆರಡನ್ನೂ ಕೇಳಿ ಪಡೆಯಬೇಕು. ಐವತ್ತು ವರ್ಷದ ನಂತರ ಇನ್ನೊಂದು ಕೋಟೆಯ ಮೇಲೆ ಇಂಥದ್ದೇ ಬಳ್ಳಿ ಸಿಕ್ಕಿದಾಗ ಹೋಲಿಸಿ ನೋಡಲು ಬೇಕಾಗುವುದು ಅವೇ.

ಹೊಸ ಪ್ರಭೇದ ಪ್ರಕಟವಾದ ದಿನವೇ ಅದರ ಉಳಿವಿನ ಚಿಂತೆಯೂ ಶುರುವಾಗುತ್ತದೆ. ಬಲಿತ ಗಿಡಗಳು 50ಕ್ಕಿಂತ ಕಡಿಮೆ ಎಂದು ಎಣಿಕೆಯಿಂದ ಗೊತ್ತಾದರೆ, ಐಯುಸಿಎನ್ ಮಾನದಂಡದಲ್ಲಿ ಅದೊಂದೇ ಅಂಶ ‘ತೀವ್ರ ಅಪಾಯದಲ್ಲಿರುವ’ ಪಟ್ಟಿಗೆ ಸೇರಿಸಲು ಸಾಕು. ಇವುಗಳ ಗಡ್ಡೆಯನ್ನು ಜನ ತಿನ್ನುತ್ತಾರೆ, ಕಾಡುಹಂದಿ ಕೆದಕುತ್ತದೆ, ದನಗಳು ಹೂವು ಸಮೇತ ಚಿಗುರನ್ನು ಮೇಯುತ್ತವೆ. ಇವೆಲ್ಲ ಹಿಂದಿನಿಂದ ಇದ್ದದ್ದೇ. ಅಪರೂಪದ ಗಿಡಗಳನ್ನು ಕೂಡಿಡುವ ಹವ್ಯಾಸ ಹೊಸದು. ಗಡ್ಡೆ ಹಗುರವಾದ್ದರಿಂದ ಕಿಸೆಯಲ್ಲಿ ಸಾಗಿಸಬಹುದು. ಆದ್ದರಿಂದ ಪ್ರಬಂಧದಲ್ಲಿ ಅಕ್ಷಾಂಶ ರೇಖಾಂಶಗಳನ್ನು ಕರಾರುವಾಕ್ಕಾಗಿ ಕೊಡದೆ, ಕೋಟೆಯ ಅಥವಾ ಗುಡ್ಡದ ಹೆಸರಷ್ಟಕ್ಕೆ ನಿಲ್ಲಿಸಿ, ನಿಖರ ನೆಲೆಯನ್ನು ಹರ್ಬೇರಿಯಂ ಮತ್ತು ಅರಣ್ಯ ಇಲಾಖೆಯ ಕಡತದಲ್ಲಿ ಇಡುವುದು ಒಳ್ಳೆಯದು.

ಸಹ್ಯಾದ್ರಿಯ ಶ್ರೇಣಿ ರಾಜ್ಯದ ಗಡಿಯಲ್ಲಿ ಮುಗಿಯುವುದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಗುಡ್ಡಗಳು, ಚೋರ್ಲಾ ಘಟ್ಟದ ಅಂಚು, ಜೋಯಿಡಾದ ಕಾಡಿನ ನಡುವಿನ ಜಂಬಿಟ್ಟಿಗೆಯ ಬೋಳುನೆಲಗಳು ಶ್ರಾವಣ ಭಾದ್ರಪದಗಳಲ್ಲಿ ನೋಡಬೇಕಾದ ಜಾಗಗಳು. ಅಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ, ಅರಣ್ಯ ಸಿಬ್ಬಂದಿಗೆ ನನ್ನ ಕೋರಿಕೆ ಇದು. ಅನುಮತಿ ಪಡೆದು ಹೋಗಿ. ಕಂದೀಲು ಬಳ್ಳಿ ಕಂಡರೆ ಗಡ್ಡೆ ಕೀಳಬೇಡಿ. ಬಳ್ಳಿ ಎಡಕ್ಕೆ ಸುತ್ತಿದೆಯೋ ಬಲಕ್ಕೋ, ಯಾವುದರ ಮೇಲೆ ಹಬ್ಬಿದೆ, ಸುತ್ತ ಎಷ್ಟು ಗಿಡಗಳಿವೆ ಎಂದು ಬರೆದುಕೊಳ್ಳಿ. ಹೂಗಳು ಹಲವಿದ್ದರೆ ಮಾತ್ರ ಒಂದನ್ನು ಉದ್ದಕ್ಕೆ ಸೀಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಬುಡದ ಕೋಣೆಯ ಚಿತ್ರ ತೆಗೆಯಿರಿ. ಇನ್ನೊಂದನ್ನು 70 ಶೇಕಡ ಮದ್ಯಸಾರದ ಸೀಸೆಗೆ ಹಾಕಿ, ಒಳಗೆ ಸಿಕ್ಕಿಬಿದ್ದ ನೊಣವಿದ್ದರೆ ಅದನ್ನೂ ತೆಗೆಯದೆ ಜೊತೆಗೇ ಇರಲು ಬಿಡಿ. ದಿನಾಂಕ ಮತ್ತು ಸ್ಥಳವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಹಾಕಿ. ಶಾಯಿಯಲ್ಲಿ ಬರೆದರೆ ಮದ್ಯಸಾರದಲ್ಲಿ ಅಳಿಸಿಹೋಗುತ್ತದೆ.