ಮೆತ್ತನೆಯ ಸ್ಪ್ರಿಂಗಿಗೆ ಕಡಿವಾಣ

ಕಾರು ಓಲಾಡಬಾರದೆಂದರೆ ಸ್ಪ್ರಿಂಗ್ ಗಟ್ಟಿಯಿರಬೇಕು ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಬಲವಾಗಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಗಾಡಿಯ ಭಾರಕ್ಕೆ 25 ಸೆಂ.ಮೀ. ಕುಗ್ಗುವ ಸ್ಪ್ರಿಂಗ್ ಸೆಕೆಂಡಿಗೆ ಒಮ್ಮೆ ಏರಿಳಿಯುತ್ತದೆ. ಮೈಗೆ ಹಿತವಾದ ಲಯ ಅದು. ಬರೀ 4 ಸೆಂ.ಮೀ. ಕುಗ್ಗಿದರೆ ಎರಡೂವರೆ ಸಲ, ಆಗ ಸೊಂಟಕ್ಕೆ ಏಟು. ಆದರೆ ಮೆತ್ತನೆಯದಕ್ಕೆ ತಾನಾಗಿ ನಿಲ್ಲಲು ಬಾರದು. ಹಂಪ್ ದಾಟಿದ ಮೇಲೂ ತೂಗುವ ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್, ಅಂದರೆ ಡ್ಯಾಂಪರ್.

ಸ್ಪ್ರಿಂಗಿನ ಈ ಲೆಕ್ಕವನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಮಾರಿಸ್ ಓಲಿ ಮುಖ್ಯ. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್‌ಗೆ ಹೋದ ಈ ಎಂಜಿನಿಯರ್, 1932ರಲ್ಲಿ ದೊಡ್ಡ ಲಿಮೋಸಿನ್ ಒಂದರ ಹಿಂದೆ ಮುಂದೆ ಚಾಚುಗಳನ್ನು ಕಟ್ಟಿ, ಅವುಗಳ ಮೇಲೆ ತೂಕಗಳನ್ನು ಸರಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ ಓಡಿಸಿ ನೋಡಿದ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿರಬೇಕೆಂಬುದು ಅವನಿಗೆ ಸಿಕ್ಕ ಉತ್ತರ. ದಿಬ್ಬ ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ತುಸು ತಡವಾಗಿ ಎದ್ದ ಹಿಂಭಾಗ ಚುರುಕಾಗಿ ತೂಗಿದರೆ ಮುಂಭಾಗದ ಜತೆ ಸೇರಿಕೊಳ್ಳುತ್ತದೆ, ಮೂಗು ಕುಕ್ಕುವುದು ತಪ್ಪುತ್ತದೆ. ತೊಡಕೆಂದರೆ, ಒಂದೇ ಅಚ್ಚಿಗೆ ಜೋಡಿಸಿದ ಮುಂದಿನ ಚಕ್ರಗಳಿಗೆ ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹಾಗಾಗಿಯೇ ಜನರಲ್ ಮೋಟಾರ್ಸ್ ತನ್ನ 1934ರ ಮಾದರಿಗಳಲ್ಲಿ ಮುಂದಿನ ಎರಡು ಚಕ್ರಗಳನ್ನು ಬಿಡಿಬಿಡಿಯಾಗಿ ತೂಗುಹಾಕಿತು.

ಡ್ಯಾಂಪರಿನ ಬಿಗಿ ಹೊಂದಿಸುವ ಆಸೆ ಇದಕ್ಕೂ ಹಳೆಯದು. ಹಾರ್ಟ್‌ಫರ್ಡ್ ಘರ್ಷಣೆ ಡ್ಯಾಂಪರಿನಲ್ಲಿ ನಟ್ ತಿರುಗಿಸಿದರೆ ಸಾಕಿತ್ತು. ಹಾಲೆಂಡಿನ ಕೋನಿ ಎಣ್ಣೆಯ ಡ್ಯಾಂಪರಿಗೂ ಅದೇ ಸೌಲಭ್ಯ ತಂದಿತು: ಕಾರಿನಿಂದ ಬಿಚ್ಚಿ, ಪೂರ್ತಿ ಅದುಮಿ, ಕಡ್ಡಿ ಹಿಡಿದು ತಿರುಗಿಸಬೇಕು. ಎಣ್ಣೆ ಹೊಲಸಿನ ಕೆಲಸ, ಆದರೆ ಸವೆದ ಡ್ಯಾಂಪರಿಗೆ ಮತ್ತೆ ಬಿಗಿ ಬರುತ್ತಿತ್ತು. ಬ್ರಿಟಿಷ್ ಎಂಜಿನಿಯರ್ ಕಾಲಿನ್ ಚಾಪ್‌ಮನ್‌ನ ಲೋಟಸ್ ಎಲಾನ್ ಕಾರು (1962) ಮೆತ್ತನೆಯ ಸ್ಪ್ರಿಂಗಿಟ್ಟೂ ತಿರುವುಗಳಲ್ಲಿ ಹಿಡಿತ ತಪ್ಪಲಿಲ್ಲ. ಹಗುರ ಮೈ, ಚಕ್ರಕ್ಕೆ ಧಾರಾಳ ಓಡಾಟ, ಸರಿಯಾದ ಡ್ಯಾಂಪಿಂಗ್: ಗಟ್ಟಿ ಸ್ಪ್ರಿಂಗಿನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಮುಂದೆ ಡ್ಯಾಂಪರಿನ ಕವಾಟ ಹೊಂದಿಸುವ ಕೆಲಸ ಎಲೆಕ್ಟ್ರಾನಿಕ್ಸ್ ಪಾಲಾಯಿತು. 1983ರಲ್ಲಿ ಟೊಯೊಟಾ ಸೋರರ್, 1989ರಲ್ಲಿ ಸಿಟ್ರೋಯೆನ್ ಎಕ್ಸ್‌ಎಂ. 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಕವಾಟವನ್ನು ತಿರುಗಿಸುವ ಗೋಜೇ ಇರಲಿಲ್ಲ. ಕಬ್ಬಿಣದ ಕಣಗಳಿರುವ ದ್ರವಕ್ಕೆ ಪಿಸ್ಟನ್ನಿನ ಸುರುಳಿಯಿಂದ ಕಾಂತಕ್ಷೇತ್ರ ಕೊಟ್ಟರೆ ಮಿಲಿಸೆಕೆಂಡುಗಳಲ್ಲಿ ಅದು ಗಟ್ಟಿಯಾಗುತ್ತದೆ. ಭಾರತದಲ್ಲಿ ಮಹೀಂದ್ರ ಎಕ್ಸ್‌ಯುವಿ700 (2021) ಅಗ್ಗದ ದಾರಿ ಹಿಡಿಯಿತು. ಮೈಯ ನಿಧಾನ ತೂಗಾಟಕ್ಕೆ ಬಿಗಿಯಾಗಿ, ಗುಂಡಿಯ ಚುರುಕು ಏಟಿಗೆ ಸಡಿಲವಾಗಿ ತಾನೇ ಹೊಂದಿಕೊಳ್ಳುವ ಕವಾಟ ಅದರದು, ಕಂಪ್ಯೂಟರ್ ಬೇಡ.

ಆದರೂ ಒಬ್ಬರೇ ಕೂತಾಗಲೂ, ಏಳು ಜನ ಲಗೇಜಿನ ಸಮೇತ ಹತ್ತಿದಾಗಲೂ ಒಂದೇ ಸ್ಪ್ರಿಂಗ್ ಹೊರಬೇಕು. ಮೆತ್ತಗಿಟ್ಟರೆ ಹಿಂಭಾಗ ಕುಸಿಯುತ್ತದೆ; ಡ್ಯಾಂಪರ್ ಎಷ್ಟು ಬಿಗಿದರೂ ಕುಸಿದ ಗಾಡಿಯನ್ನು ಎತ್ತಲಾರದು. 1955ರ ಸಿಟ್ರೋಯೆನ್ ಡಿಎಸ್ ನೈಟ್ರೋಜನ್ ಅನಿಲವನ್ನೇ ಸ್ಪ್ರಿಂಗ್ ಮಾಡಿ, ಪಂಪಿನಿಂದ ಎಣ್ಣೆ ತುಂಬಿಸಿ ಎತ್ತರ ಕಾಯ್ದುಕೊಂಡಿತ್ತು. ಸಾಮಾನ್ಯ ಬೆಲೆಯ ಕಾರುಗಳು ಆ ಖರ್ಚಿಗೆ ಹೋಗದೆ ಹಿಂದಿನ ಸ್ಪ್ರಿಂಗನ್ನೇ ತುಸು ಗಟ್ಟಿ ಮಾಡುತ್ತವೆ.